ಹೂಂ ಅಂದದ್ದು ಫೋನು

...ನಾನಲ್ಲ ಕಣಣ್ಣಯ್ಯ! ಅವ್ವನಾಣೆ ನಾನಲ್ಲ! ತಂಗಿ ಗೌರಿನ ಬಾ ಅಂದಿದ್ದು ಈ ಫೋನು. ಈಗ ಏಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ ನಾಲಿಗೆ ಬಿದ್ದೋಗ್ಲಿ. ಚಿಕ್ಕಮಾರಯ್ಯ ಸುಳ್ಳು ಏಳ್ದ ಅಂತ ಈ ಕೆಂಪಾಪುರದಲ್ಲಿ ಒಬ್ಬನಾದ್ರೂ ಅಂದಿದ್ರೆ ತೋರ್ಸು... ಯಾರು, ಅಶ್ವತ್ಥನಾ? ಅವನ್ನ ಬಿಡು. ಕಲಾವತಿನಾ? ಅವಳನ್ನೂ ಬಿಡು. ಬೆರಳು ಮಡಚ್ಕೊಂಡು ಎಣಿಸ್ಬೇಡ ಅಣ್ಣಯ್ಯ, ಇವತ್ತು ಏಳೋದು ನಿಜ.

ಕೂತ್ಕೋ. ನಮ್ ತಂಗಿ ಆಟೋ ಇನ್ನೂ ಎಬ್ಬಾಳದ ಫ್ಲೈಓವರ್ ಅತ್ರ ಐತೆ. ಅದು ಇಲ್ಲಿಗೆ ಬರೋವಷ್ಟರಲ್ಲಿ ನಾನು ಪೂರ್ತಿ ಏಳಿ ಎರಡು ಲೋಟ ಕಾಪಿ ಕುಡೀಬೋದು. ನೀನು ಕೊಟ್ರೆ.

ಶುರುವಾಗಿದ್ದು ಕೃಷ್ಣಮ್ಮನಿಂದ. ನನ್ ಎಂಡ್ತಿ ದಿನಕ್ಕೆ ಮೂವತ್ತು ಮೆಸೇಜು ಕಳಿಸ್ತಾಳೆ. 'ಸೊಪ್ಪು ತನ್ನಿ.' 'ಮೋಟ್ರು ಆಫ್ ಮಾಡಿದ್ರಾ?' 'ಎಲ್ಲಿ ಕೂತಿದೀರ?' ಐದು ನಿಮಿಷದಲ್ಲಿ ಊಂ ಅಂತ ಕಳಿಸ್ದೆ ಓದ್ರೆ ಆವತ್ತು ನಂಗೆ ತಣ್ಣನೆ ಮುದ್ದೆ. ಎಲ್ಲಿ ಕೂತಿದೀರ ಅನ್ನೋದಕ್ಕೂ ಊಂ ಅಂದ್ರೆ ಸಾಕು ಅವಳಿಗೆ! ಗಂಡ ಉಸಿರಾಡ್ತಾವ್ನೆ ಅಂತ ಗೊತ್ತಾದ್ರೆ ಆಯ್ತು.

ನಮ್ ಮೇಲ್ಮನೇಲಿ ಬಾಡಿಗೆಗೆ ಇದಾರಲ್ಲ ಮುಸರ್ರತ್ ಮೇಡಂ, ಕಾಲೇಜಲ್ಲಿ ಕಂಪ್ಯೂಟರ್ ಪಾಠ ಮಾಡೋರು, ಅವರ ಅತ್ರ ಓಗಿ ಅತ್ತೆ... ಊಂ, ಅತ್ತೆ, ನಿಜವಾದ ಕಣ್ಣೀರು. ಅವರು ಈ ಫೋನಿಗೆ ಒಂದು ಆ್ಯಪ್ ಆಕ್ಕೊಟ್ರು. ತೆಗೆದ್ರೆ ಬರೀ ಕಪ್ಪು ಪರದೆ. ಬಟನ್ನಿಲ್ಲ, ಬಣ್ಣ ಇಲ್ಲ. ನಾವು ಏನೇನು ಮಾಡ್ಬೇಕು ಅಂತ ಸಾಲಾಗಿ ಬರೆದಿಟ್ರೆ ಫೋನು ಒಂದೊಂದೇ ಸಾಲು ಓದ್ಕೊಂಡು ಮಾಡ್ತಾ ಓಯ್ತದೆ. ಅದಕ್ಕೆ ಶೆಲ್ ಸ್ಕ್ರಿಪ್ಟು ಅಂತಾರೆ. ಯಾಕೆ ನಗ್ತೀಯ? ನಾಟಕದ್ದಲ್ಲ! ನನ್ ಸ್ಕ್ರಿಪ್ಟಲ್ಲಿ ನಾಲ್ಕೇ ಸಾಲು. ಮೆಸೇಜು ಬಂತಾ ನೋಡು. ಬಂದಿದ್ರೆ ಊಂ ಅನ್ನು. ಒಂದು ನಿಮಿಷ ಮಲಿಕ್ಕೋ. ಎದ್ದು ಮತ್ತೆ ಮೊದ್ಲಿಂದ ಶುರು ಮಾಡು. ನಮ್ಮ ತಾತನೂ ಇಂಗೇ ಅಲ್ವಾ ಬಾಳಿದ್ದು?

ಬುದ್ಧಿ ಪೂರಾ ನಂದು, ಬೆರಳು ಮಾತ್ರ ಮೇಡಂದು. ಆದ್ರೆ ನೋಡು, ಅವರು ಸ್ಕೂಲ್ ಕನ್ನಡ ಓದಿರೋರು. ನಾನು ಊಂ ಬರೀರಿ ಅಂದ್ರೆ 'ಸಾರ್, ಅದು ಊಂ ಅಲ್ಲ' ಅಂತ ತಿದ್ದಿ, ಮೇಷ್ಟ್ರು ಉಸ್ಸಂತ ಉಸಿರು ಬಿಟ್ಟು ಏಳ್ಕೊಡ್ತಿದ್ರಲ್ಲ ಆ ಅಕ್ಷರ ಆಕಿದ್ರು. ಹ್... ಹ್... ಹೂಂ! ಬಂತು ನೋಡು. ಎದೆ ಇಡ್ಕೊಂತು. ನಮ್ ಮನೇಲಿ ನಾಲ್ಕು ತಲೆಮಾರಿಂದ ಯಾರ ಬಾಯಲ್ಲೂ ಬರದೆ ಇರೋ ಅಕ್ಷರಾನ ನನ್ ಫೋನು ದಿನಕ್ಕೆ ಮೂವತ್ತು ಸಲ ಅಂತದೆ! ಕೃಷ್ಣಮ್ಮನಿಗೂ ಅನುಮಾನ. 'ಏನ್ರೀ, ಇತ್ತೀಚೆಗೆ ಭಾಳ ಓದ್ಕೊಂಡೋರ ತರ ಉತ್ರ ಕೊಡ್ತೀರ' ಅಂತಾಳೆ.

ಒಂದ್ಸಲ ಪುಟ್ಟೇನಳ್ಳಿ ಕೆರೆ ಅತ್ರ ಯೋಗ ಶಿಬಿರ ಮಾಡೋರು ಮೆಸೇಜು ಕಳಿಸಿದ್ರು. ಬರ್ತೀರಾ? ಊಂ. ಶೀರ್ಷಾಸನ ಬರ್ತದಾ? ಊಂ. ನೀವೇ ಭಾಷಣ ಮಾಡ್ತೀರಾ? ಊಂ. ಫೋನು ಮಾತು ಕೊಟ್ಮೇಲೆ ಮನುಷ್ಯ ತಪ್ಪಂಗಿಲ್ಲ. ಓಗೇಬಿಟ್ಟೆ. ತಲೆ ಕೆಳಗೆ ಮಾಡ್ಕೊಂಡೇ ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಕೆರೆ ಬಾತುಕೋಳಿ ಎಲ್ಲ ದಡಕ್ಕೆ ಬಂದು ಕೂತ್ಕೊಂಡವು.

ಇನ್ನೊಂದು ದಿನ ಯಾವುದೋ ಕಂಪನಿ ಮೆಸೇಜು. ಅದೂ ಮೆಷೀನೇ. ಅದು ಥ್ಯಾಂಕ್ಸ್ ಅಂತು, ನಂದು ಊಂ ಅಂತು. ಅದು ಮತ್ತೆ ಥ್ಯಾಂಕ್ಸು, ನಂದು ಮತ್ತೆ ಊಂ. ಬೆಳಗ್ಗೆ ತಿಂಡಿ ಒತ್ತಿಂದ ಸಾಯಂಕಾಲದ ಕಾಪಿ ಒತ್ತಿನವರೆಗೆ ಎರಡೂ ಸೋಲ್ಲಿಲ್ಲ! ನಮ್ ಬೀದಿ ಮೊಬೈಲ್ ಟವರು ಕಾದು ಕೆಂಡ ಆಯ್ತು. ಅದರ ಮೇಲೆ ಕೂತಿದ್ದ ಕಾಗೆ ಕಾಲು ಸುಟ್ಕೊಂಡು... ಯಾಕಣ್ಣಯ್ಯ ಅಂಗೆ ನೋಡ್ತೀಯ? ಆ ಕಾಗೆ ಈಗ್ಲೂ ಕುಂಟ್ತದೆ. ಎಡೆ ಇಟ್ಟಾಗ ಬರ್ತದೆ, ನೀನೇ ನೋಡೀವಂತೆ.

ಎಡೆ ಅಂದ್ನಾ? ಅದೇ ಕಣಣ್ಣಯ್ಯ, ಅಲ್ಲಿಗೇ ಬಂದೆ. ಸೋಮವಾರ ಗೌರಿ ಮೆಸೇಜು ಬಂತು. ಆರು ವರ್ಷಕ್ಕೆ ಮೊದಲ್ನೇದು. 'ಚಿಕ್ಕಣ್ಣ, ಪಿತೃಪಕ್ಷಕ್ಕೆ ಅವ್ವನ ಎಡೆಗೆ ನಾನೂ ಬರ್ಲಾ?' ಇವಳು ನಮ್ ಅಣ್ಣಯ್ಯ ದೊಡ್ಡಮುನಿಯಪ್ಪ ಮಾತು ಬಿಟ್ಟಿರೋ ತಂಗಿ ಅಂತ ಫೋನಿಗೇನು ಗೊತ್ತು? ಅದಕ್ಕೆ ಕೃಷ್ಣಮ್ಮನೂ ಒಂದೇ, ಯೋಗದವನೂ ಒಂದೇ, ಗೌರಿನೂ ಒಂದೇ. ಊಂ ಅಂದ್ಬಿಡ್ತು. ಅವಳು ಸೀರೆ ಉಟ್ಕೊಂಡು ಆಟೋ ಅತ್ಬಿಟ್ಲು.

ಗೊತ್ತು, ಗೊತ್ತು. 'ಗೌರಿನ ಕರೆದೋನು ನನ್ ಮನೆ ಒಸ್ಲು ತುಳಿಯಂಗಿಲ್ಲ' ಅಂತ ನೀನು ಅಂದಾಗ ಪಕ್ಕದಲ್ಲೇ ನಿಂತಿದ್ದೆ. ಅದಕ್ಕೇ ಏಳ್ತಿರೋದು, ಕರೆದಿದ್ದು ಫೋನು. ಬೇಕಾದ್ರೆ ಫೋನ್ನ ಗೇಟಿಂದ ಆಚೆ ಮಡಗ್ತೀನಿ, ನಾನು ಒಳಗೆ ಊಟಕ್ಕೆ ಕೂರ್ತೀನಿ.

ಅಲ್ಲ ಅಣ್ಣಯ್ಯ, ನೀನು ಬೈಯಲ್ಲ ಅಂದ್ರೆ ಒಂದು ಮಾತು. ಆಗಿದ್ದಾದ್ರೂ ಏನು? ಈ ಮನೆ ಒಕ್ಕಲಿಗೆ ಕಾರ್ಡು ಮಾಡ್ಸಿದ್ವಿ. ಕಾರ್ಡಲ್ಲಿ ಊರೋರ ಎಸರೆಲ್ಲ ಇತ್ತು, ಅವಳ ಗಂಡನ ಎಸರು ಒಂದಿರ್ಲಿಲ್ಲ. ಬೇಕು ಅಂತ್ಲೇ ಬಿಟ್ಟಿದ್ದು ಅಂತ ಅವಳು. ಪ್ರೆಸ್ಸಿನವನು ಬಿಟ್ಟ ಅಂತ ನೀನು. ಅಷ್ಟೇ ತಾನೆ? ಆರ್.ಟಿ. ನಗರ ಏನು ಕಾಶಿನಾ? ಅಲ್ಲಿಂದ ಇಲ್ಲಿಗೆ ಬರಕ್ಕೆ ಆರು ವರ್ಷ! ಎಬ್ಬಾಳದ ಟ್ರಾಫಿಕ್ಕಲ್ಲೂ ಅಷ್ಟೊತ್ತು ಆಗಲ್ಲ.

ಏನು? ಕೈ ಯಾಕೆ ಚಾಚ್ದೆ? ಫೋನಾ? ಬೇಡ ಬಿಡಣ್ಣಯ್ಯ, ಕನ್ನಡಕ ಇಲ್ದೆ ನಿಂಗೆ... ಓ. ಜೋಬಲ್ಲೇ ಐತಾ. ತಗೋ. ಮೇಲಿರೋದು ಓದು ಸಾಕು, ಅದು ಕೃಷ್ಣಮ್ಮಂದು. ಸೊಪ್ಪಿಗೆ 'ಹೂಂ', ಮೋಟ್ರಿಗೆ 'ಹೂಂ'. ನೋಡ್ದಾ ಎಷ್ಟು ಶುದ್ಧ? ಕೆಳಗೆ ಓಗ್ಬೇಡ. ಕೆಳಗೆ ಏನೂ ಇಲ್ಲ. ಅಣ್ಣಯ್ಯ...

ಓದ್ದಾ? ಉದ್ದ ಐತೆ ಅಂತಾನಾ? ಚಾರ್ಜು ತುಂಬಾ ಇದ್ದಾಗ ಫೋನು ಒಂದೆರಡು ಮಾತು ಜಾಸ್ತಿ ಆಡ್ತದೆ... ಮತ್ಯಾಕೆ ಮೇಲಕ್ಕೂ ಕೆಳಕ್ಕೂ ನೋಡ್ತೀಯ? ಬೆರಳು ಯಾಕೆ ಅಲ್ಲೇ ಮಡಗ್ದೆ? ಮೊದಲ್ನೇ ಅಕ್ಷರ...

ಥತ್!

ಉಸಿರೇ ಇಲ್ಲ ಅದಕ್ಕೆ. ಬರೀ 'ಊಂ'.

ಸರಿ, ನಾನೇ ಏಳ್ತೀನಿ. 'ಊಂ ಕಣವ್ವ ಗೌರಿ, ಬಾ. ಅವ್ವನ ತರ ಕಜ್ಜಾಯ ಸುಡಕ್ಕೆ ನೀನೇ ಬೇಕು, ಓದ್ವರ್ಷ ಕೃಷ್ಣಮ್ಮ ಸುಟ್ಟಿದ್ದನ್ನ ಕಾಗೆನೂ ಮುಟ್ಲಿಲ್ಲ. ಅಣ್ಣಯ್ಯನೂ ದಾರಿ ನೋಡ್ತಾವ್ನೆ.' ಸ್ಕ್ರಿಪ್ಟು ಭಾನುವಾರವೇ ನಿಂತೋಗಿತ್ತು. ಕೃಷ್ಣಮ್ಮ ಕಂಡಿಡಿದು ಅಳಿಸಾಕಿಬಿಟ್ಲು. ಇದು ಕೈಯಲ್ಲೇ ಒತ್ತಿದ್ದು. ಅರ್ಧ ಗಂಟೆ ಇಡೀತು, ಮೂರು ಸಲ ಅಳಿಸ್ದೆ. ನೀನು ಪ್ರೆಸ್ಸಿನವನ ಮೇಲೆ ಆಕ್ದೆ, ನಾನು ಫೋನಿನ ಮೇಲೆ ಆಕ್ದೆ. ಅಣ್ತಮ್ಮಂದಿರಲ್ವಾ? ಬೈಯಿ. ಒಡಿ ಬೇಕಾದ್ರೆ.

ಅಗೋ, ಆಟೋ.

ಎಲ್ಲಿಗೆ ಎದ್ದೆ? ಅಗುಳಿ ಆಕಕ್ಕಾ? ತಾಳಣ್ಣಯ್ಯ, ಅವಳು ಬಿಸ್ಲಲ್ಲಿ... ಅಲ್ಲ, ಇದೇನು, ಇಸ್ತ್ರಿ ಪಂಚೆ? ಗಡ್ಡ ಬೇರೆ ಕೆರ್ಕೊಂಡಿದೀಯ! ಕೈಲಿರೋ ಆ ಪೇಪರ್ ತೋರ್ಸು. ತೋರ್ಸು ಅಂದೆ... ನಿನ್ನೇದು! ಬೆಳಗ್ಗೆಯಿಂದ ನಿನ್ನೆ ಪೇಪರ್ ಇಡ್ಕೊಂಡು ಗೇಟಿನ ಕಡೆ ಮುಖ ಮಾಡ್ಕೊಂಡು ಕೂತಿದೀಯಾ? ಯಾರು ಏಳಿದ್ದು ನಿಂಗೆ, ಕೃಷ್ಣಮ್ಮನಾ? ಅವಳ ಒಟ್ಟೇಲಿ ಒಂದು ಮಾತು ನಿಲ್ಲಲ್ಲ! ಇಷ್ಟೊತ್ತಿಂದ ನನ್ ಕೈಲಿ ಬಾತುಕೋಳಿ, ಕಾಗೆ ಎಲ್ಲ ಏಳಿಸ್ಕೊಂಡು...

ತೆಗಿ, ತೆಗಿ, ಆ ಗೇಟು ಒಂಚೂರು ಎತ್ತಿ ತೆಗೀಬೇಕು.

ನಾನು ಏಳಿದ್ದೆಲ್ಲ ನಿಜಾನೇ ಅಣ್ಣಯ್ಯ. ಕಾಗೆನೂ ನಿಜ. ಆ ಮೆಸೇಜಿನ ಕೊನೇ ಸಾಲು, 'ಅಣ್ಣಯ್ಯನೂ ದಾರಿ ನೋಡ್ತಾವ್ನೆ' ಅಂತ ಐತಲ್ಲ, ಅದೊಂದು ಮಾತ್ರ ಸುಳ್ಳು... ಬರೆದಾಗ.