ಸೌಂಡ್ ತೆಗೆದುಬಿಡು

ಕಿವಿ ಕೇಳದ ಮಕ್ಕಳ ಶಾಲೆ ಅದು. ಮುಖ್ಯೋಪಾಧ್ಯಾಯರ ಹುದ್ದೆಗೆ ಸಂದರ್ಶನ ನಡೆಯುತ್ತಿತ್ತು; ನಾನೂ ಬಂದಿದ್ದೆ. ನನ್ನ ಪಕ್ಕದ ಬೆಂಚಿನಲ್ಲಿ ಅದೇ ಶಾಲೆಯ ಟೀಚರೊಬ್ಬರು, ಲ್ಯಾಪ್‌ಟಾಪ್ ಹಿಡಿದ ಮೈದುನನ ಜೊತೆ ಕೂತಿದ್ದರು.

“ಪ್ರೆಸೆಂಟೇಶನ್ ಬೇಕು ಅಂತ ನಿನ್ನೆ ಸಂಜೆ ಹೇಳಿದ್ರೆ ಹೇಗೆ ಅತ್ತಿಗೆ?”

“ಹೇಗೋ ಆಯ್ತಲ್ಲ. ಆ ವಿಡಿಯೋದು ಸೌಂಡ್ ಮಾತ್ರ ತೆಗೆದುಬಿಡು.”

“ಅಣ್ಣ ಪಾಠ ಮಾಡ್ತಿರೋದಾ? ಯಾಕೆ?”

“ಅವರು ಹೋದಮೇಲೆ ಆ ದನಿ ಕೇಳೇ ಇಲ್ಲ ಕಣೋ. ಅವರ ಕುರ್ಚಿಗೇ ಅರ್ಜಿ ಹಾಕ್ಕೊಂಡು ಬಂದಿದೀನಿ. ಎಲ್ಲರೆದುರು ಅಳೋಕಾಗುತ್ತಾ?”

“ಆದ್ರೆ ಆ ಮಗು ಮೊದಲನೇ ಸಲ ‘ಅಮ್ಮ’ ಅನ್ನೋದು ಅದರಲ್ಲೇ ಇರೋದು. ಅದೂ ಹೋಗುತ್ತೆ.”

ಟೀಚರು ಲ್ಯಾಪ್‌ಟಾಪನ್ನು ತಮ್ಮತ್ತ ತಿರುಗಿಸಿಕೊಂಡರು.

“ಆಮೇಲೆ ಅವರು ನಗ್ತಾರೆ, ಅಲ್ವಾ?”

“ಹೂಂ. ಜೋರಾಗಿ.”

ಒಳಗಿನಿಂದ ಕರೆ ಬಂತು. ಆಕೆ ಕಣ್ಣೊರೆಸಿಕೊಂಡು ಎದ್ದರು.

“ಇರ್ಲಿ ಬಿಡು, ಏನೂ ತೆಗೀಬೇಡ. ನೀನು ಇಲ್ಲೇ ಇರು. ನೀನೂ ಅತ್ರೆ ನನ್ನ ಕೈಲಾಗಲ್ಲ.”

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಒಳಗೆ ಹೋದರು. ಮುಚ್ಚಿದ ಬಾಗಿಲಾಚೆ ಆಕೆಯ ಮಾತು ಸಣ್ಣಗೆ ಕೇಳಿಸುತ್ತಿತ್ತು. ಆಮೇಲೆ ಮಗುವೊಂದರ ತೊದಲು ದನಿ, ಅದರ ಬೆನ್ನಿಗೇ ಗಂಡಸೊಬ್ಬರು ಮನಸಾರೆ ನಕ್ಕ ಸದ್ದು.

ಮೈದುನ ತಟ್ಟನೆ ಎದ್ದು, ಚಪ್ಪಲಿಯನ್ನೂ ಮೆಟ್ಟದೆ, ಅಂಗಳಕ್ಕೆ ಹೋಗಿಬಿಟ್ಟ.