ಬಚ್ಚಿಟ್ಟ ಹೆಸರು

ಇದು ನಮ್ಮ ಪಕ್ಕದ್ಮನಿ ಭೀಮಮ್ಮನ ಮಗ ತಿಪ್ಪಣ್ಣಂದು. ಊರವರು ಹೇಳಿದ್ದಲ್ಲ, ನಾನು ಕಂಡಿದ್ದು, ಇಲ್ಲಾ ಅವ್ವ-ಮಗನ ಬಾಯಿಂದಲೇ ಕೇಳಿದ್ದು. ನಗೋರು ಈಗ್ಲೇ ನಕ್ಕುಬಿಡ್ರಿ.

ಎರಡು ಸಾವಿರದ ಎಂಟು. ಹೊಸಪೇಟೆ ಕಡೆ ಗಾದಿಗನೂರು ದಾರ್ಯಾಗ ಹಗಲೂ ರಾತ್ರಿ ಅದಿರು ಲಾರಿ. ತಿಪ್ಪಣ್ಣ ಅಲ್ಲೇ ಒಂದು ಮೈನಿಂಗ್ ಆಫೀಸಿನ ಕಂಪ್ಯೂಟರ್ ನೋಡಿಕೊಳ್ತಿದ್ದ. ಆ ರಾತ್ರಿ ಒಂದೂವರಿಗೆ ಕೆಲಸ ಮುಗಿಸಿ ನಡಕೊಂತ ಬರ್ತಿದ್ದ. ಹಾಳುಬಾವಿ ಹತ್ರ ಲಾರಿ ಸದ್ದು ನಿಂತುಹೋತು. ಆ ಬಾವಿಗೆ ರಾಟಿ ಇಲ್ಲ. ಆದ್ರೂ ರಾಟಿ ತಿರುಗಿದ ಸದ್ದು... ಕಿರ್... ಕಿರ್... ಆಮ್ಯಾಲ ಯಾರೋ ಕರೆದ್ರು. ಮೆಲ್ಲಕ. ತಿಪ್ಪಣ್ಣ ಅಂತಲ್ಲ... ಇನ್ನೊಂದು ಹೆಸರು.

ಆ ಹೆಸರು ಗೊತ್ತಿದ್ದದ್ದು ಇಬ್ಬರಿಗೇ. ಅವ್ವಗ, ಮಗಗ. ಇವನಿಗಿಂತ ಮುಂಚೆ ಮೂರು ಕೂಸು ಹೋಗಿದ್ವು. ಅದಕ್ಕ ಭೀಮಮ್ಮ ಇವನ್ನ ತಿಪ್ಪ್ಯಾಗ ಉಳ್ಳಾಡಿಸಿ ತಿಪ್ಪ ಅಂತ ಕರೆದ್ಳು. ಕಸ ಅಂದ್ಕೊಂಡು ಸಾವು ದಾಟಿಹೋಗ್ಲಿ ಅಂತ. ಖರೇ ಹೆಸರು ದೊಡ್ಡಾವಾದ ಮ್ಯಾಲ ಒಂದ್ಸಲ ಕಿವ್ಯಾಗ ಹೇಳಿ, ಬಾಯಿ ಬಿಡಬ್ಯಾಡ ಅಂದಿದ್ಳು.

ಅವ್ವನೇ ಕರೆದ್ಳು ಅಂದ್ಕೊಂಡು ಈ ಹುಚ್ಚ "ಓ, ಬಂದೆ" ಅಂದ.

ಮನಿಗೆ ಬಂದ್ರ ಭೀಮಮ್ಮ ಮಲಗಿದ್ಳು.

"ಕರೆದ್ಯೇನವ್ವ? ಆ ಹೆಸರಿಲೆ..."

ಆಕಿ ಎದ್ದು ಕುಂತ್ಳು. "ಓ ಅಂದ್ಯೇನೋ?"

"ಅಂದೆ."

"ಯಾರಿಗೆ ಹೇಳಿದ್ಯಲೇ ಆ ಹೆಸರನ್ನ?"

"ಯಾರಿಗೂ ಇಲ್ಲ... ಕಂಪ್ಯೂಟರಿಗೆ."

ಆಗಿದ್ದಿಷ್ಟು. ಲಾರಿ ಮಾಲೀಕರು ಟ್ರಿಪ್ ನೋಡೋ ವೆಬ್‌ಸೈಟನ್ನ ನಡುವ ಯಾರೂ ಕದ್ದು ಓದಬಾರದು ಅಂತ ಸರ್ವರಿಗೆ ಸರ್ಟಿಫಿಕೇಟ್ ಮಾಡಬೇಕಿತ್ತು. ಹಗಲು ಸರ್ವರ್ ನಿಲ್ಲಿಸಂಗಿಲ್ಲ, ಅದಕ್ಕ ರಾತ್ರಿ ಕುಂತಿದ್ದ. ಕಂಪ್ಯೂಟರ್ ಒಂದೊಂದೇ ಕೇಳ್ತು. ದೇಶ? ರಾಜ್ಯ? ಊರು? ಕಡೀಗೆ 'ಕಾಮನ್ ನೇಮ್', ಪಕ್ಕದಾಗ 'ನಿಮ್ಮ ಹೆಸರು' ಅಂತ ಇಂಗ್ಲಿಷ್‌ನಾಗ. ಅಲ್ಲಿ ವೆಬ್‌ಸೈಟಿನ ಹೆಸರು ಹಾಕಬೇಕು. ಇವ ತನ್ನದೇ ಅಂದ್ಕೊಂಡ. ಸರ್ಟಿಫಿಕೇಟ್ ಮ್ಯಾಲ ತಿಪ್ಪ ಅಂತ ಬರಿಯಾಕ ನಾಚಿಕಿ ಬಂತಂತ. ಖರೇ ಹೆಸರು ಹೊಡೆದ.

ಬೆಳಿಗ್ಗೆ ಭೀಮಮ್ಮ ನನ್ನ ಕರಕೊಂಡು ಆಫೀಸಿಗೆ ಹೋಗಿ ಇಂಜಿನಿಯರ್ ಬಸವಕುಮಾರನ ಕಾಲು ಹಿಡಿದ್ಳು. "ಅಳಿಸಿಬಿಡ್ರೀ ಯಪ್ಪಾ..."

"ಏಳಮ್ಮ. ಹೊಸದು ಹಾಕ್ತೀನಿ. ಆದ್ರ..."

"ಆದ್ರ?"

"ವೆಬ್‌ಸೈಟಿಗೆ ಬಂದು ಬಾಗಿಲು ಬಡಿದೋರಿಗೆಲ್ಲ ಸರ್ವರ್ ಮೊದಲು ಸರ್ಟಿಫಿಕೇಟನ್ನೇ ತೋರಿಸ್ತೈತ್ರಿ. ನೋಡಿ ಹೋದೋರಿಂದ ಹೆಸರು ವಾಪಸ್ ಇಸ್ಕೊಳ್ಳಾಕ ಬರಂಗಿಲ್ಲ."

"ಯಾರು ಬಂದಿದ್ರು?"

ಪರದೆ ನೋಡಿದ. ರಾತ್ರಿ ಒಂದು ಗಂಟಿ ಹತ್ತು ನಿಮಿಷಕ್ಕ, ಒಬ್ಬರೇ. ಸರ್ವರ್ ಫ್ಯಾನು ಗುಂಯ್ ಅಂತಿತ್ತು. ಅವನ ದನಿ ಇಳೀತು. "ಹೊರಗಿಂದಲ್ರಿ... ಇದೇ ಮಶೀನಿನ ಒಳಗಿಂದ ಬಂದಾರ."

ಇನ್ನ ಮುಚ್ಚಿಟ್ಟು ಏನು ಮಾಡೋದು? ಅವತ್ತಿಂದ ಭೀಮಮ್ಮ ರಾತ್ರಿಯಿಡೀ ಹೊಸ್ತಿಲಾಗ ಕುಂತು, ಬ್ಯಾರೆ ಯಾರೂ ಕರಿಯೋಕಿಂತ ಮೊದಲು ತಾನೇ ಮಗನ್ನ ಆ ಹೆಸರಿಲೆ ಕರೀತಿದ್ಳು. ಅವ ಒಳಗಿಂದ ಓ ಅಂತಿದ್ದ. ಆಕಿ ದನಿ ಬಿದ್ದುಹೋಗಿತ್ತು, ಆದ್ರೂ ಬಿಡಲಿಲ್ಲ. ಗ್ವಾಡಿ ಈಚಿಗೆ ಮಲಗಿ ಒಂಬತ್ತು ರಾತ್ರಿ ಕೇಳೀನಿ. ನಾನು ಏನು ಮಾಡ್ಲಿ?

ಹತ್ತನೇ ರಾತ್ರಿ ಆಕಿಗೆ ತೂಕಡಿಕಿ ಬಂತು. ಕಣ್ಣು ಬಿಟ್ರ... ಹಾಸಿಗಿ ಖಾಲಿ.

ಪೊಲೀಸ್ ಠಾಣ್ಯಾಗ ಬರಕೊಳ್ಳೋನು ಹೆಸರು ಕೇಳಿದ.

"ತಿಪ್ಪ ಅಂತ ಕರೀತೀವ್ರಿ."

"ಖರೇ ಹೆಸರು ಹೇಳಮ್ಮ."

ಭೀಮಮ್ಮ ಬಾಯಿ ತೆರೆದ್ಳು... ಆ ಹೆಸರೇ ನಾಲಿಗಿಗೆ ಬರಲಿಲ್ಲ. ನನ್ನ ಮಾರಿ ನೋಡಿದ್ಳು. ನಾನು ಆಫೀಸಿಗೆ ಓಡಿದೆ. ಬಸವಕುಮಾರ ಹಳೇ ಸರ್ಟಿಫಿಕೇಟ್ ತೆಗೆದು ತೋರಿಸಿದ. ದೇಶ ಐತಿ, ರಾಜ್ಯ ಐತಿ, ಹೊಸಪೇಟೆ ಐತಿ. ಹೆಸರಿನ ಜಾಗ ಖಾಲಿ.

ಒಂಬತ್ತು ರಾತ್ರಿ ಈ ಕಿವೀಲೆ ಕೇಳಿದೋನು ನಾನು. ದೇವರಾಣಿ... ನನಗೂ ಅದು ನೆನಪಿಗೆ ಬರವಲ್ದು.