ಮುಂದಿನ ಚಕ್ರದ ಗಾಳಿ

ಸೈಕಲ್ಲಿನ ಬ್ರೇಕ್ ಸರಿ ಮಾಡಿಸಲು ಬಂದ ದರ್ಜಿ, ತನ್ನ ಸರದಿ ಯಾವಾಗ ಬರುತ್ತದೋ ಎಂದು ರಿಪೇರಿ ಅಂಗಡಿಯ ಬೆಂಚಿನಲ್ಲಿ ಚಡಪಡಿಸುತ್ತಿದ್ದ. ಎದುರಿಗೆ ಒಬ್ಬ ಹೆಂಗಸು ನೆಲದ ಮೇಲೆ ಕೂತು ಪಂಕ್ಚರ್ ಹಾಕುವುದನ್ನು ಕಲಿಯುತ್ತಿದ್ದಳು.

"ಅಂಟು ಹಚ್ಚಿದ ಕೂಡಲೇ ತೇಪೆ ಹಾಕಬೇಡಿ. ಸ್ವಲ್ಪ ಆರಲಿ," ಅಂದ ಮೆಕ್ಯಾನಿಕ್.

"ಎಷ್ಟು ಸಲ ಹೇಳ್ಕೊಡಿ ಅಂದೆ ನಮ್ಮವರಿಗೆ. ನಾನಿಲ್ವಾ, ನಿನಗ್ಯಾಕೆ ಈ ಮಸಿ ಕೆಲಸ ಅನ್ನೋರು."

"ಇಷ್ಟು ಬೇಗ ಹೋಗಬಾರದಿತ್ತು ಬಿಡಿ ಆ ಜೀವ... ಹಾಂ, ಈಗ ಒತ್ತಿ. ಹಿಂದಿನ ಚಕ್ರದ್ದು ಆಯ್ತು. ಮುಂದಿನದೂ ಮೆತ್ತಗಾಗಿದೆ, ಗಾಳಿ ಹೊಡೀರಿ."

"ಅದು ಬೇಡ."

"ಹೀಗೇ ಓಡಿಸಿದ್ರೆ ಟೈರ್ ಹಾಳಾಗುತ್ತಮ್ಮ."

"ಓಡಿಸಲ್ಲ. ತಳ್ಕೊಂಡು ಹೋಗ್ತೀನಿ."

"ಅದೇನು ಮಹಾ ಕೆಲಸ? ಕೊಡಿ ಇಲ್ಲಿ, ನಾನೇ ಹೊಡೀತೀನಿ."

ಹೊಡೆಸಿಕೊಂಡು ಹೊರಡಬಾರದೇನಮ್ಮ ಅನ್ನೋ ಮಾತು ದರ್ಜಿಯ ತುಟಿವರೆಗೂ ಬಂದಿತ್ತು. ಅಷ್ಟರಲ್ಲಿ ಅವಳು ವಾಲ್ವನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಆಸ್ಪತ್ರೆಗೆ ಹೋದ ದಿನ ಬೆಳಿಗ್ಗೆ ಅವರೇ ಹೊಡೆದಿದ್ದು. ಒಳಗಿರೋದು ಅವರು ತುಂಬಿದ ಗಾಳಿ. ಹೊಸದು ಸೇರಿಸಿದ್ರೆ, ಯಾವುದು ಅವರದು ಅಂತ ಹೇಗೆ ಗೊತ್ತಾಗುತ್ತೆ?"

ಮೆಕ್ಯಾನಿಕ್ ಪಂಪು ಕೆಳಗಿಟ್ಟ. ದರ್ಜಿ ಬೆಂಚಿನಲ್ಲಿ ಹಿಂದಕ್ಕೆ ಸರಿದು ಕೂತ.

"ತೂತಿಲ್ಲದಿದ್ರೂ ಅದು ಇಳಿಯುತ್ತಮ್ಮ."

"ಗೊತ್ತು. ದಿನಾ ಒತ್ತಿ ನೋಡ್ತೀನಲ್ಲ."

ಅವಳು ಕೈಯ ಮಸಿ ಒರೆಸಿಕೊಂಡು ಎದ್ದಳು. ಮುಂದಿನ ಚಕ್ರ ನೆಲಕ್ಕೆ ತಾಗದಂತೆ ಎತ್ತಿ ಹಿಡಿದು, ತಾನೇ ತೇಪೆ ಹಾಕಿದ ಹಿಂದಿನ ಚಕ್ರವೊಂದನ್ನೇ ಉರುಳಿಸುತ್ತ ರಸ್ತೆಗಿಳಿದಳು.